ನೋವಿನ ಗುಳಿಗೆ: ಹೆಸರು ನೋಡಿ ಕೊಳ್ಳಿ, ಜೋಪಾನವಾಗಿ ಇಡಿ



ತಲೆನೋವು, ಮೈಕೈನೋವು ಬಂದರೆ ಅಂಗಡಿಗೆ ಹೋಗಿ ‘ಎರಡು ನೋವಿನ ಗುಳಿಗೆ ಕೊಡ್ರಿ’ ಎನ್ನುತ್ತೇವೆ. ಅವರು ಸ್ಟ್ರಿಪ್ಪಿನಿಂದ ಎರಡು ಕತ್ತರಿಸಿ ಕೊಡುತ್ತಾರೆ. ಎಷ್ಟೋ ಸಲ ಆ ತುಂಡಿನ ಮೇಲೆ ಔಷಧದ ಹೆಸರಾಗಲಿ, ಅವಧಿ ಮುಗಿಯುವ ತಿಂಗಳಾಗಲಿ ಇರುವುದಿಲ್ಲ. ಅಪಾಯ ಇಲ್ಲಿಂದಲೇ ಶುರು. ಎರಡನ್ನೂ ಕೇಳಿ ಬರೆದುಕೊಳ್ಳಿ.

ಜ್ವರದ ಗುಳಿಗೆ, ನೆಗಡಿಯ ಗುಳಿಗೆ ಎರಡರಲ್ಲೂ ಪ್ಯಾರಾಸಿಟಮಾಲ್ ಇರಬಹುದು. ಕಂಪನಿಯ ಹೆಸರು ಬೇರೆ, ಒಳಗಿನ ಔಷಧ ಒಂದೇ. ಆರೋಗ್ಯವಂತ ದೊಡ್ಡವರಿಗೂ 24 ಗಂಟೆಯಲ್ಲಿ ಒಟ್ಟು 4 ಗ್ರಾಂ, ಅಂದರೆ 500 ಮಿ.ಗ್ರಾಂ.ನ 8 ಗುಳಿಗೆ ಮೀರಬಾರದು. ಮೀರಿದರೆ ಲಿವರ್ ಕೆಡುತ್ತದೆ. ಮೊದಲ ದಿನ ಏನೂ ಗೊತ್ತಾಗದೆಯೂ ಇರಬಹುದು. ಮದ್ಯಪಾನಿಗಳು, ಲಿವರ್ ತೊಂದರೆ ಇದ್ದವರು ಮೊದಲೇ ವೈದ್ಯರನ್ನು ಕೇಳಬೇಕು.

ಐಬುಪ್ರೊಫೆನ್, ಡೈಕ್ಲೋಫೆನಾಕ್ ಗುಳಿಗೆಗಳನ್ನು ಖಾಲಿ ಹೊಟ್ಟೆಯಲ್ಲಿ ನುಂಗಬೇಡಿ. ಹೊಟ್ಟೆಹುಣ್ಣು, ಕಿಡ್ನಿ ಅಥವಾ ಹೃದಯದ ಕಾಯಿಲೆ, ಬಿ.ಪಿ. ಇದ್ದವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಲೇಬಾರದು. ಡೆಂಗೀ ಇರಬಹುದೆಂಬ ಜ್ವರದಲ್ಲಿ ಇವೂ ಬೇಡ, ಆಸ್ಪಿರಿನ್ ಕೂಡ ಬೇಡ, ರಕ್ತಸ್ರಾವವಾದೀತು. 12 ವರ್ಷದೊಳಗಿನ ಮಕ್ಕಳಿಗೆ ನಿಮೆಸುಲೈಡ್ ನಮ್ಮ ದೇಶದಲ್ಲಿ 2011ರಿಂದ ನಿಷೇಧ.

ಗುಳಿಗೆಗಳನ್ನು ಸ್ಟ್ರಿಪ್ಪಿನಲ್ಲೇ ಇಡಿ, ಬಿಡಿಸಿ ಡಬ್ಬಿಗೆ ಹಾಕಬೇಡಿ. ಒಲೆಯ ಪಕ್ಕ, ಬಚ್ಚಲುಮನೆ, ಬಿಸಿಲು ಬೀಳುವ ಕಿಟಕಿ ಬೇಡ. ಮಕ್ಕಳ ಕೈಗೆ ಎಟುಕದ ಒಣ ಜಾಗವಿರಲಿ. ‘ಪೆಪ್ಪರಮೆಂಟು’ ಎಂದು ಪುಸಲಾಯಿಸಿ ಮಗುವಿಗೆ ಔಷಧ ಕೊಡಬೇಡಿ. ನಾಳೆ ಅದೇ ಹುಡುಕಿ ತಿಂದೀತು. ತಿಂದಿದ್ದರೆ, ಮಗು ಆಡುತ್ತಿದ್ದರೂ ಕಾಯದೆ ಆಸ್ಪತ್ರೆಗೆ ಕರೆತನ್ನಿ.

ನೋವು ಮೂರು ದಿನದಲ್ಲಿ ಇಳಿಯದಿದ್ದರೆ ಗುಳಿಗೆ ಹೆಚ್ಚಿಸಬೇಡಿ, ವೈದ್ಯರಿಗೆ ತೋರಿಸಿ. ಬರುವಾಗ ನುಂಗಿದ ಗುಳಿಗೆಯ ಸ್ಟ್ರಿಪ್ ಮರೆಯದೆ ತನ್ನಿ.