ಚಂದ್ರಗಿರಿಯ ಈಚೆ



ನಾವುಂದದ ಕಡಲಂಚಿನವರಿಗೆ ಕಾಸರಗೋಡು ಹಿಂದೆ ಪರನಾಡಾಗಿರಲಿಲ್ಲ. ಎರಡೂ ದಕ್ಷಿಣ ಕನ್ನಡ ಜಿಲ್ಲೆಯ ಊರುಗಳೇ. 1956ರ ನವೆಂಬರ್ 1ರಂದು ನಾವುಂದವು ಮೈಸೂರಿಗೂ ಕಾಸರಗೋಡು ಕೇರಳಕ್ಕೂ ಸೇರಿದವು. ಮರುವರ್ಷವೇ ಕೇರಳದಲ್ಲಿ ನಂಬೂದಿರಿಪಾಡರ ಕಮ್ಯೂನಿಸ್ಟ್ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು.

ಕಮ್ಯೂನಿಸ್ಟರ ಆಳ್ವಿಕೆಯಲ್ಲಿ ಅಲ್ಪಸಂಖ್ಯಾತರೆಂದರೆ ಸೋವಿಯತ್ ನಾಡಿನ ಕುರ್ದರು ನೆನಪಾಗುತ್ತಾರೆ. 1923ರಲ್ಲಿ ಅಜರ್ಬೈಜಾನಿನೊಳಗೆ ಅವರ ಹೆಸರಿನಲ್ಲಿ ಒಂದು ಪ್ರಾಂತವನ್ನು ರಚಿಸಿದರು, 1929ರಲ್ಲಿ ಅಳಿಸಿದರು, 1937ರಲ್ಲಿ ಅನೇಕ ಕುಟುಂಬಗಳನ್ನು ಮಧ್ಯ ಏಷ್ಯಕ್ಕೆ ಅಟ್ಟಿದರು. ಕೇರಳವನ್ನು ಇದರೊಡನೆ ತೂಗುವುದು ಅನ್ಯಾಯ. ಅಲ್ಲಿನದು ಮತದಿಂದ ಬರುವ ಸರ್ಕಾರ.

ಆದರೂ ಕನ್ನಡಿಗರ ಸಂಕಟ ಸುಳ್ಳಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಸೀಮೆಯು ಮೈಸೂರಿಗೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವು ಹೇಳಿತು. ವರದಿ ಹಾಗೆಯೇ ಉಳಿಯಿತು. ವಿಲೀನಕ್ಕಾಗಿ ದುಡಿದ ಕಯ್ಯಾರ ಕಿಞ್ಞಣ್ಣ ರೈಗಳು ಅದನ್ನು ಕಾಣದೆಯೇ 2015ರಲ್ಲಿ ತೀರಿಕೊಂಡರು. 2017ರಲ್ಲಿ ಎಡರಂಗದ ಸರ್ಕಾರವು ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಲು ಕಾನೂನು ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ನೆರೆನುಡಿಯ ಮೇಲಿನ ಹಗೆಯಲ್ಲ ಅದು. ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡವೇ ಬಾರದ ಉಪಾಧ್ಯಾಯರನ್ನು ನೇಮಿಸಿದ್ದೂ ಉಂಟಷ್ಟೆ! ಲೆಕ್ಕ ತಿಳಿಯದ ಹುಡುಗನು ಎದ್ದುನಿಂತು ಯಾವ ಮಾತಿನಲ್ಲಿ ಕೇಳಬೇಕು? ಈ ಹುಡುಗರ ಕಥೆಯನ್ನೇ ನಮ್ಮ ಕುಂದಾಪುರ ಸೀಮೆಯ ರಿಷಬ್ ಶೆಟ್ಟರು 2018ರಲ್ಲಿ ಚಲನಚಿತ್ರವಾಗಿಸಿದರು.