ತಂದೆಯ ಕುರ್ಚಿ, ಮಗನ ಕುರ್ಚಿ

(ಧರ್ಮಸ್ಥಳದ ವಿದ್ಯಾರ್ಥಿ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾವು ಸೇರಿರುವ ಈ ಊರಿನಲ್ಲಿ ಧರ್ಮಾಧಿಕಾರಿ ಸ್ಥಾನ ವಂಶಪಾರಂಪರ್ಯವಾಗಿ ಬರುವಂಥದ್ದು. 1968ರಲ್ಲಿ ವೀರೇಂದ್ರ ಹೆಗ್ಗಡೆಯವರು ಪಟ್ಟಕ್ಕೆ ಬಂದಾಗ ಅವರಿಗೆ ಇಪ್ಪತ್ತು ತುಂಬಿರಲಿಲ್ಲ. ಅದು ಕ್ಷೇತ್ರದ ಸಂಪ್ರದಾಯ, ಅದರ ಬಗ್ಗೆ ನನ್ನ ಮಾತಿಲ್ಲ. ಆದರೆ ನೀವು ನಾವು ಓಟು ಹಾಕಿ ಕೊಡುವ ಕುರ್ಚಿಯೂ ಒಂದೇ ಮನೆಯೊಳಗೆ ಉಳಿಯಬೇಕೇ?

ಕರ್ನಾಟಕದಲ್ಲಿ ತಂದೆ ಮಗ ಇಬ್ಬರೂ ಮುಖ್ಯಮಂತ್ರಿಗಳಾದ ಮನೆಗಳು ಎರಡು. ಎಸ್.ಆರ್. ಬೊಮ್ಮಾಯಿ 1988ರಲ್ಲಿ, ಮಗ ಬಸವರಾಜ ಬೊಮ್ಮಾಯಿ 2021ರಲ್ಲಿ. ಎಚ್.ಡಿ. ದೇವೇಗೌಡರು 1994ರಲ್ಲಿ, ಮಗ ಕುಮಾರಸ್ವಾಮಿ 2006 ಮತ್ತು 2018ರಲ್ಲಿ. ಒಂದು ವಿಷಯ ಗಮನಿಸಿ. ಈ ನಾಲ್ವರಲ್ಲಿ ಒಬ್ಬರೂ ಐದು ವರ್ಷದ ಅವಧಿ ಪೂರೈಸಲಿಲ್ಲ. ಹಿರಿಯ ಬೊಮ್ಮಾಯಿಯವರ ಸರಕಾರವಂತೂ 1989ರಲ್ಲಿ ವಜಾ ಆಯಿತು. ಆದರೆ ಅವರ ಹೆಸರಿನ ಮೊಕದ್ದಮೆಯಲ್ಲಿ 1994ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ರಾಜನನ್ನು ಓಡಿಸಿ ಗಣರಾಜ್ಯ ಕಟ್ಟಿದ ಅಮೆರಿಕದಲ್ಲೂ ಇದೇ ಕತೆ. ಜಾನ್ ಆಡಮ್ಸ್ ಎರಡನೆಯ ಅಧ್ಯಕ್ಷ, ಮಗ ಜಾನ್ ಕ್ವಿನ್ಸಿ ಆಡಮ್ಸ್ ಆರನೆಯವರು. (ಮೊದಲನೆಯವರಾದ ವಾಷಿಂಗ್ಟನ್‌ರಿಗೆ ಸ್ವಂತ ಮಕ್ಕಳಿರಲಿಲ್ಲ!) ತಂದೆ 1800ರ ಚುನಾವಣೆಯಲ್ಲಿ ಸೋತರು, ಮಗ 1828ರಲ್ಲಿ ಸೋತರು. ಆದರೆ ತಂದೆ ಮಗನಿಗೆ ಕೊಟ್ಟದ್ದು ಬರೀ ಹೆಸರಲ್ಲ. ಹತ್ತು ವರ್ಷದ ಹುಡುಗನನ್ನು 1778ರಲ್ಲಿ ಫ್ರಾನ್ಸಿಗೆ ಕರೆದೊಯ್ದು ಓದಿಸಿದರು. ಹದಿನಾಲ್ಕರಲ್ಲಿ ಆ ಹುಡುಗ ರಷ್ಯಾಕ್ಕೆ ಹೋದ ರಾಯಭಾರಿಯ ಕಾರ್ಯದರ್ಶಿ! ಅಧ್ಯಕ್ಷ ಪದವಿ ಹೋದ ಮೇಲೆ ಅವರು ಮನೆಯಲ್ಲಿ ಕೂರಲಿಲ್ಲ. 1831ರಿಂದ ಸಾಯುವವರೆಗೆ ಸಂಸತ್ತಿನ ಸಾಮಾನ್ಯ ಸದಸ್ಯರಾಗಿ ದುಡಿದರು. ಗುಲಾಮಗಿರಿಯ ವಿರುದ್ಧದ ಅರ್ಜಿಗಳನ್ನು ಚರ್ಚೆಗೇ ಎತ್ತಿಕೊಳ್ಳಬಾರದೆಂಬ ನಿಯಮವನ್ನು ಹಟ ಹಿಡಿದು ವಿರೋಧಿಸಿ 1844ರಲ್ಲಿ ರದ್ದು ಮಾಡಿಸಿದರು. ನನ್ನ ದೃಷ್ಟಿಯಲ್ಲಿ ಅವರ ಅಧ್ಯಕ್ಷಗಿರಿಗಿಂತ ಇದೇ ದೊಡ್ಡದು.

ನಮ್ಮ ಜಿಲ್ಲೆಗೆ ಬನ್ನಿ. ಉಳ್ಳಾಲದ ಶಾಸಕ ಯು.ಟಿ. ಫರೀದ್ 2007ರಲ್ಲಿ ತೀರಿಕೊಂಡಾಗ ಉಪಚುನಾವಣೆಯಲ್ಲಿ ಮಗ ಯು.ಟಿ. ಖಾದರ್ ಗೆದ್ದರು. ಆ ಗೆಲುವಿನಲ್ಲಿ ತಂದೆಯ ಹೆಸರಿಗೆ ಪಾಲಿತ್ತು ಎನ್ನಬಹುದು. ಆದರೆ 2008, 2013, 2018, 2023ರಲ್ಲೂ ಅದೇ ಅನುಕಂಪ ಉಳಿದಿತ್ತು ಎನ್ನಲಾದೀತೇ? 2023ರಲ್ಲಿ ಅವರು ವಿಧಾನಸಭೆಯ ಸ್ಪೀಕರ್ ಆದರು, ಆ ಸ್ಥಾನಕ್ಕೆ ಬಂದ ಮೊದಲ ಮುಸ್ಲಿಮರು.

ಹಝ್ರತ್ ಉಮರ್(ರ) ಮರಣಶಯ್ಯೆಯಲ್ಲಿದ್ದಾಗ ಮುಂದಿನ ಖಲೀಫರ ಆಯ್ಕೆಗೆ ಆರು ಮಂದಿಯನ್ನು ನೇಮಿಸಿದರು. ಮಗ ಅಬ್ದುಲ್ಲಾ(ರ) ಸಲಹೆ ಕೊಡಲು ಜೊತೆಗಿರಲಿ, ಅಧಿಕಾರದಲ್ಲಿ ಮಾತ್ರ ಪಾಲಿಲ್ಲ ಎಂದರು. ವಿದ್ಯೆ, ಭಕ್ತಿ ಎರಡರಲ್ಲೂ ಆ ಮಗ ಯಾರಿಗೂ ಕಡಿಮೆಯಿರಲಿಲ್ಲ ಎಂಬುದನ್ನು ಮರೆಯಬೇಡಿ.

ಬೀಡಿ ಕಟ್ಟುವ ಮನೆಯಿಂದ, ಮೀನಿನ ಗಾಡಿಯವರ ಮನೆಯಿಂದ ಬಂದ ನೀವು ರಾಜಕೀಯ ನಮಗಲ್ಲ ಎನ್ನುತ್ತೀರಿ. ಗ್ರಾಮ ಪಂಚಾಯತಿಗೆ ಸ್ಪರ್ಧಿಸಲು 21 ವರ್ಷ ತುಂಬಿದ್ದರೆ ಸಾಕು, ವಿಧಾನಸಭೆಗೆ 25. ಮೊದಲು ನಿಮ್ಮೂರಿನ ಗ್ರಾಮಸಭೆ ಯಾವಾಗ ಎಂದು ಕೇಳಿ ತಿಳಿದುಕೊಳ್ಳಿ, ಹೋಗಿ ಕುಳಿತುಕೊಳ್ಳಿ. ಅಲ್ಲಿ ಕುರ್ಚಿಗಳು ಹೆಚ್ಚಾಗಿ ಖಾಲಿಯೇ ಇರುತ್ತವೆ.