ನೀರೊಳಗಿನ ದೇವಾಲಯಕ್ಕೆ ತೆಪ್ಪದಲ್ಲಿ
(ಜಪಸರ ಮಾತೆಯ ಹಬ್ಬದ ಪ್ರಬೋಧನೆ)



ಒಂಬತ್ತು ದಿನಗಳ ನವದಿನ ಪ್ರಾರ್ಥನೆ ಮುಗಿಸಿ ಇಂದು ಜಪಸರ ಮಾತೆಯ ಹಬ್ಬಕ್ಕೆ ಸೇರಿದ್ದೇವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ಕಡೆಯಿಂದಲೂ ಕುಟುಂಬಗಳು ಬಂದಿವೆ. ತೇರಿಗೆ ತೆಂಗಿನ ಗರಿ ಹೆಣೆದವರು, ರಾತ್ರಿಯೆಲ್ಲಾ ಅಡಿಗೆ ಮನೆಯಲ್ಲಿ ಕಾಯಿ ತುರಿದ ತಾಯಂದಿರು, ಇವರೆಲ್ಲರಿಗೂ ಮೊದಲು ನಮ್ಮ ವಂದನೆಗಳು.

ಈಗ ತಾನೇ ಓದಿದ ಶುಭಸಂದೇಶದಲ್ಲಿ ಗಬ್ರಿಯೇಲ ದೂತನು ನಜರೇತಿನ ಕನ್ಯೆಯ ಬಳಿಗೆ ಬಂದ ಪ್ರಸಂಗವನ್ನು ಕೇಳಿದಿರಿ. ಅದರಲ್ಲಿ ದೋಣಿಯ ಮಾತಿಲ್ಲ, ನದಿಯ ಮಾತಿಲ್ಲ. ಆದರೆ ನಾವು ಇಂದು ಒಂದು ತೆಪ್ಪದ ಕಥೆ ಹೇಳಬೇಕೆಂದಿದ್ದೇವೆ. ಸ್ವಾಮಿಗಳು ಹಬ್ಬದ ದಿನ ಇದನ್ನೇಕೆ ಎತ್ತಿಕೊಂಡರು ಎನ್ನಬೇಡಿ. ಸ್ವಲ್ಪ ತಾಳ್ಮೆಯಿರಲಿ, ಊಟಕ್ಕೆ ತಡಮಾಡುವುದಿಲ್ಲ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಧರ್ಮೋಪದೇಶ ತರಗತಿಯ ಮಕ್ಕಳನ್ನೂ ಕೆಲವು ಹಿರಿಯರನ್ನೂ ಕರೆದುಕೊಂಡು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೋಗಿದ್ದೆವು. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಅಲ್ಲಿ ಹೇಮಾವತಿ ನದಿಯ ಬಳಿ ಗೋಥಿಕ್ ಶೈಲಿಯ ದೊಡ್ಡ ದೇವಾಲಯವನ್ನು ಕಟ್ಟಿದರು. ಅದನ್ನು ಈಗ ಎಲ್ಲರೂ ರೋಸರಿ ಚರ್ಚ್ ಎಂದು ಕರೆಯುತ್ತಾರೆ, ಅಂದರೆ ನಮ್ಮ ಇಂದಿನ ಹಬ್ಬದ ಮಾತೆಯ ಹೆಸರೇ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ 1979ರಲ್ಲಿ ಮುಗಿಸಿದಾಗ ಹಿನ್ನೀರಿನಲ್ಲಿ ಹೊಲ ಮನೆಗಳ ಜೊತೆ ಈ ದೇವಾಲಯವೂ ಮುಳುಗಡೆಗೆ ಸೇರಿತು. ಜನ ಎತ್ತರದ ನೆಲಕ್ಕೆ ಹೋದರು. ದೇವಾಲಯ ಮಾತ್ರ ಅಲ್ಲೇ ನಿಂತಿತು. ಛಾವಣಿ ಹೋಗಿದೆ, ಕಮಾನುಗಳೂ ಕಂಬಗಳೂ ಉಳಿದಿವೆ. ಬೇಸಿಗೆಯಲ್ಲಿ ನಡೆದುಕೊಂಡೇ ಒಳಗೆ ಹೋಗಬಹುದು. ಜಲಾಶಯ ತುಂಬಿದಾಗ ಗೋಡೆಯ ಅರ್ಧಕ್ಕೂ ಮೇಲೆ ನೀರು. ಆಗ ತೆಪ್ಪವೇ ಗತಿ.

ನಮ್ಮ ಮಕ್ಕಳ ಸಂಭ್ರಮ ಏನು ಹೇಳಲಿ! ನಮ್ಮ ಸೀಮೆಯಲ್ಲಿ ದೋಣಿ ಓಡಿಸುವಂಥ ಹೊಳೆ ಎಲ್ಲಿದೆ? ಕೆರೆ ಕೋಡಿ ಬಿದ್ದರೇ ಊರಿಗೆ ಊರೇ ನೋಡಲು ಹೋಗುತ್ತದೆ. ತೆಪ್ಪ ಎಂದರೆ ದೊಡ್ಡದೊಂದು ಬಿದಿರಿನ ಮಂಕರಿ ಇದ್ದ ಹಾಗೆ. ದಬ್ಬೆ ಹೆಣೆದು, ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಅಲ್ಲಿ ಮೀನು ಹಿಡಿದು ಬದುಕುವ ಒಬ್ಬರು ನಮ್ಮನ್ನು ಗುಂಪು ಗುಂಪಾಗಿ ಕರೆದುಕೊಂಡು ಹೋಗಲು ಒಪ್ಪಿದರು. ಎಲ್ಲರಿಗೂ ಜಾಕೆಟ್ ತೊಡಿಸಿದ ಮೇಲೆಯೇ ಹತ್ತಿಸಿದೆವು. ದಪ್ಪಗಿರುವವರನ್ನು ಒಂದು ಕಡೆ, ಮಕ್ಕಳನ್ನು ಇನ್ನೊಂದು ಕಡೆ, ತೂಕ ನೋಡಿ ಕೂರಿಸಿದರು. "ಸ್ವಾಮಿ, ತಾವು ಈ ಕಡೆ ಬನ್ನಿ, ಆ ಕಡೆ ವಾಲ್ತದೆ" ಎಂದಾಗ ಮಕ್ಕಳು ನಕ್ಕ ನಗೆ ಇನ್ನೂ ನಮ್ಮ ಕಿವಿಯಲ್ಲಿದೆ.

ತೆಪ್ಪಕ್ಕೆ ಮುಂದೆ ಹಿಂದೆ ಎಂಬುದಿಲ್ಲ. ಅದು ದುಂಡಗೆ. ಸುಮ್ಮನೆ ಒಂದೇ ಕಡೆ ಹುಟ್ಟು ಹಾಕಿದರೆ ನಿಂತಲ್ಲೇ ಬುಗುರಿಯಂತೆ ಸುತ್ತುತ್ತದೆ. ನಮ್ಮ ಹುಡುಗನೊಬ್ಬ "ಅಣ್ಣ, ನಾನು ಹಾಕ್ತೀನಿ ಕೊಡಣ್ಣ" ಎಂದು ಹುಟ್ಟು ಇಸಿದುಕೊಂಡ. ಐದು ನಿಮಿಷ ಬೆವರು ಸುರಿಸಿದರೂ ಒಂದು ಮಾರು ಮುಂದೆ ಹೋಗಲಿಲ್ಲ, ನಮಗೆಲ್ಲ ತಲೆ ಸುತ್ತಿದ್ದೇ ಬಂತು. ಆ ಅಣ್ಣ ಹುಟ್ಟನ್ನು ಎದುರಿಗೆ ಚಾಚಿ ನೀರಿಗೆ ಇಳಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತನ್ನ ಕಡೆಗೆ ಎಳೆದುಕೊಂಡರು. ಒಂದೊಂದು ಎಳೆತವೂ ಚಿಕ್ಕದು. ಒಂದು ಎಳೆತಕ್ಕೆ ತೆಪ್ಪ ಎಷ್ಟು ಸರಿಯಿತು ಎಂದು ಕೇಳಿದರೆ ಹೇಳುವುದೇ ಕಷ್ಟ. ತಲೆಯೆತ್ತಿ ನೋಡುವಷ್ಟರಲ್ಲಿ ದಡ ದೂರವಾಗಿತ್ತು. ಸಂಜೆ ಜಪಸರ ಹೇಳುವಾಗ, "ಸ್ವಾಮಿ, ಅದೇ ಜಪ ಐವತ್ತು ಸಲ ಹೇಳಿದರೆ ಏನು ಬಂತು?" ಎಂದು ನಮ್ಮ ಯುವಜನರು ಕೇಳುತ್ತಾರಲ್ಲ, ಅವರಿಗೆ ನಾವು ಈ ತೆಪ್ಪವನ್ನೇ ತೋರಿಸುತ್ತೇವೆ.

ಜಪಸರದ ಹಬ್ಬದ ಮೂಲವೂ ಹುಟ್ಟು ಹಾಕುವ ಹಡಗುಗಳಲ್ಲೇ ಇದೆ. 1571ರ ಅಕ್ಟೋಬರ್ 7ರಂದು ಲೆಪಾಂಟೊ ಎಂಬಲ್ಲಿ ನಡೆದ ನೌಕಾ ಯುದ್ಧದ ನೆನಪಿಗೆ ಜಗದ್ಗುರು ಐದನೇ ಭಕ್ತಿನಾಥರು ಈ ದಿನವನ್ನು ಗುರುತಿಸಿದರು. ಗೆಲುವಿನ ಕಥೆಯನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಆ ದಿನ ಎರಡೂ ಕಡೆಯ ಹಡಗುಗಳಲ್ಲಿ ಸರಪಳಿ ಬಿಗಿಸಿಕೊಂಡು ಹುಟ್ಟು ಹಾಕಿದ ಸೆರೆಯಾಳುಗಳಿದ್ದರು. ನಮ್ಮ ಮನಸ್ಸು ಯಾಕೋ ಅವರ ಕಡೆಗೇ ಹೋಗುತ್ತದೆ. ಅವರ ಕೈಯಲ್ಲಿ ಜಪಸರ ಹಿಡಿಯಲು ಬಿಡುವಿರಲಿಲ್ಲ.

ಮತ್ತೆ ಹೇಮಾವತಿಗೆ ಬರೋಣ. ದೂರದಿಂದ ನೋಡಿದರೆ ಹಿನ್ನೀರು ಕನ್ನಡಿಯಂತೆ ಸಪಾಟು. ಆದರೆ ಕೆಳಗೆ ಹಳೆಯ ಮರದ ಬೊಡ್ಡೆಗಳಿವೆ, ಕುಸಿದ ಗೋಡೆಗಳಿವೆ. ತೆಪ್ಪದ ತಳಕ್ಕೆ ಒಂದು ಚೂಪು ಕೊಂಬೆ ತಗುಲಿದರೆ ಮುಗಿಯಿತು. ಆ ಅಣ್ಣ ದಿಕ್ಕು ಹಿಡಿಯುತ್ತಿದ್ದುದು ಆಚೆಯ ದಿಣ್ಣೆ ಮತ್ತು ದೇವಾಲಯದ ತುದಿಯನ್ನು ನೋಡಿಕೊಂಡು. ಒಂದು ಕಡೆ ಹುಟ್ಟು ನಿಲ್ಲಿಸಿ, "ಈಗ ನಾವು ರಸ್ತೆ ಮೇಲಿದ್ದೀವಿ ಸ್ವಾಮಿ" ಎಂದರು. ಮಕ್ಕಳು ಬಗ್ಗಿ ನೋಡಿದರು. ಕೆಂಪು ನೀರು ಬಿಟ್ಟರೆ ಏನೂ ಕಾಣಲಿಲ್ಲ. ಆದರೆ ನಮ್ಮ ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಮೆಲ್ಲಗೆ, "ಹೌದು, ಇದೇ ದಾರಿ" ಎಂದರು.

ಆ ಅಜ್ಜಿಯ ವಿಷಯ ಹೇಳಲೆಂದೇ ಇಷ್ಟು ದೂರ ಬಂದೆವು. ಹೆಸರು ಹೇಳುವುದಿಲ್ಲ, ಹೇಳಬಾರದೆಂದು ಅವರೇ ಕೇಳಿಕೊಂಡಿದ್ದಾರೆ. ಅವರು ಅಣೆಕಟ್ಟು ಮುಗಿಯುವುದಕ್ಕೆ ಮುಂಚೆಯೇ ಆ ಸೀಮೆಯಿಂದ ಮದುವೆಯಾಗಿ ನಮ್ಮ ತೆಂಗಿನ ನಾಡಿಗೆ ಬಂದವರು. ತವರು ಮುಳುಗಿದ ಮೇಲೆ ಒಮ್ಮೆಯೂ ಆ ಕಡೆ ಹೋಗಿರಲಿಲ್ಲ. ಅಂದು ಬಸ್ಸು ಹತ್ತಿದಾಗ ಕೂಡ, "ಮೊಮ್ಮಗಳನ್ನ ನೋಡ್ಕೊಳ್ಳೋಕೆ ಬರ್ತೀನಿ ಸ್ವಾಮೇರೇ" ಎಂದಷ್ಟೇ ಹೇಳಿದ್ದರು.

ತೆಪ್ಪ ಕಮಾನಿನ ಕೆಳಗೆ ಹಾದು ದೇವಾಲಯದ ಒಳಗೆ ಹೋಯಿತು. ಸೆಮಿನರಿಯಲ್ಲಿ ನಮಗೆ ಕಲಿಸಿದ ಒಂದು ಮಾತು ಆಗ ನೆನಪಾಯಿತು. ದೇವಾಲಯದಲ್ಲಿ ಭಕ್ತಜನರು ಕುಳಿತುಕೊಳ್ಳುವ ಭಾಗಕ್ಕೆ ಲ್ಯಾಟಿನ್ ಭಾಷೆಯಲ್ಲಿ 'ನಾವಿಸ್', ಅಂದರೆ ಹಡಗು ಎಂದು ಹೆಸರು. ನಮ್ಮ ನಾವೆ, ನೌಕೆ ಎಂಬ ಮಾತುಗಳಿಗೂ ಅದಕ್ಕೂ ನಂಟಿದೆ. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಆ ಪದದ ಒಳಗೇ ಅಂದು ನಾವು ತೆಪ್ಪದಲ್ಲಿ ಕುಳಿತಿದ್ದೆವು. ಮೇಲೆ ಬರಿಯ ಆಕಾಶ. ಕಮಾನಿನ ಸಂದಿಯಲ್ಲಿ ಹಕ್ಕಿಗಳು. ಮಕ್ಕಳು ತಾವಾಗಿಯೇ ಮಾತು ನಿಲ್ಲಿಸಿದರು.

ಅಜ್ಜಿ ಅಂಬಿಗನಿಗೆ, "ಅಪ್ಪಾ, ಸ್ವಲ್ಪ ಆ ಕಡೆ ನಿಲ್ಲಿಸ್ತೀಯಾ?" ಎಂದರು. ಅವರು ತೋರಿಸಿದ್ದು ಗೋಡೆಯಾಚೆ, ಬರಿಯ ನೀರು. "ಅಲ್ಲೇನಿದೆ ಅಜ್ಜಿ?" ಎಂದು ಅವರು ಕೇಳಿದರು. "ಅವ್ವನ್ನ ಮಣ್ಣು ಮಾಡಿದ್ದು ಆ ಕಡೆ" ಎಂದರು ಅಜ್ಜಿ. ಆ ಅಂಬಿಗ ಕ್ರೈಸ್ತರಲ್ಲ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು, ತೆಪ್ಪ ತಿರುಗದ ಹಾಗೆ ಹುಟ್ಟನ್ನು ನೀರಿನಲ್ಲಿ ಅದುಮಿ ಹಿಡಿದರು. ಅಜ್ಜಿ ಸೆರಗಿನಲ್ಲಿ ಕಟ್ಟಿ ತಂದಿದ್ದ ಸೇವಂತಿಗೆ ಬಿಡಿಸಿ ನೀರಿಗೆ ಹಾಕಿದರು. ಮೊಮ್ಮಗಳನ್ನು ನೋಡಿಕೊಳ್ಳಲಲ್ಲ, ಇದಕ್ಕೇ ಅವರು ಬಂದದ್ದೆಂದು ನಮಗೆ ಆಗ ಗೊತ್ತಾಯಿತು. ನಾವು ಮೃತರಿಗಾಗಿ ಪ್ರಾರ್ಥನೆ ಸಲ್ಲಿಸಿದೆವು. ಒಂದು ದಶಕದ ಜಪಸರ ಹೇಳಿದೆವು, ಅದನ್ನು ಪ್ರಾರಂಭಿಸಿದ್ದು ಅಜ್ಜಿಯೇ.

ಮರಳಿ ದಡಕ್ಕೆ ಬರುವಾಗ ಗಾಳಿ ಎದ್ದಿತ್ತು. ತೆಪ್ಪ ನಿಧಾನವಾಯಿತು. ಆಗ ಅಜ್ಜಿ ಕೇಳಿದರು: "ಸ್ವಾಮೇರೇ, ನಮ್ಮ ತೋಟಕ್ಕೆ ಬರೋ ನಾಲೆ ನೀರು ಇದೇ ಅಲ್ವರಾ?"

ಹೌದು, ಇದೇ. ಗೊರೂರಿನಲ್ಲಿ ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದಿಂದ ಹೊರಟ ಎಡದಂಡೆಯ ನಾಲೆ, ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು-ನವಿಲೆ ಬಳಿ ನೆಲದಡಿಯ ಸುರಂಗ ಹಾದು, ತುಮಕೂರು ನಾಲೆಯಾಗಿ ನಮ್ಮ ಕಡೆಗೆ ಬರುತ್ತದೆ. ತಿಪಟೂರಿನ ಜನ ಕುಡಿಯುವ ಈಚನೂರು ಕೆರೆಗೆ ತುಂಬುವುದೂ ಹೇಮಾವತಿಯೇ. ಚಿಕ್ಕನಾಯಕನಹಳ್ಳಿಯ ಕೆರೆಗಳಿಗೂ ಆ ನೀರು ಬೇಕೆಂದು ಜನ ಎಷ್ಟು ವರ್ಷ ಹೋರಾಡಿದರೆಂದು ನಿಮಗೇ ಗೊತ್ತು. ಸುಳಿ ಒಣಗಿ ಮರಗಳು ಸಾಲುಸಾಲಾಗಿ ಬೋಳಾದ ಬರದ ವರ್ಷಗಳನ್ನು ಯಾರು ಮರೆತಾರು? ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾದು ಉಂಡೆ ಕೊಬ್ಬರಿಯಾಗುವ ಕಾಯಿಯೊಳಗೆ ಮೊದಲು ಇದ್ದದ್ದು ನೀರೇ ತಾನೆ?

ಈ ನೀರಿಗಾಗಿ ನಮ್ಮಲ್ಲೇ ಏನು ನಡೆಯುತ್ತಿದೆ ಎಂಬುದನ್ನೂ ಹಬ್ಬವೆಂದು ಮುಚ್ಚಿಡುವುದಿಲ್ಲ. ನಾಲೆಗೆ ರಾತ್ರಿ ಮೋಟರು ಇಳಿಸುವವರಿದ್ದಾರೆ. ತೂಬಿನ ಬಾಗಿಲು ತಿರುಗಿಸಿ ಕೊನೆಯ ತೋಟದವರಿಗೆ ಹನಿಯೂ ಹೋಗದ ಹಾಗೆ ಮಾಡುವವರಿದ್ದಾರೆ. ಇದೇ ಪೀಠದ ಎದುರು ಬಲಗಡೆ ಒಬ್ಬರು, ಎಡಗಡೆ ಒಬ್ಬರು ಕುಳಿತು, ಶಾಂತಿ ಕೋರುವ ಹೊತ್ತಿನಲ್ಲಿ ಮುಖ ತಿರುಗಿಸುವ ಅಣ್ಣ ತಮ್ಮಂದಿರನ್ನು ನಾವು ಇಲ್ಲಿಂದ ನೋಡುತ್ತೇವೆ. ನಮಗೆ ಬೈಯಲು ಇಷ್ಟವಿಲ್ಲ. ನಾವೂ ಅವರ ಮನೆಗೆ ಹೋಗಿ ಮಾತಾಡುವುದನ್ನು ಒಂದು ವರ್ಷ ಮುಂದೂಡಿದೆವು, ಆ ತಪ್ಪು ನಮ್ಮದು. ಅಂದು ತೆಪ್ಪದಲ್ಲಿ ಅಜ್ಜಿಯ ಪ್ರಶ್ನೆಗೆ ಹೌದು ಎಂದಮೇಲೆ ಮುಂದೆ ಏನು ಹೇಳುವುದೆಂದು ನಮಗೆ ತೋಚಲಿಲ್ಲ. ಯಾರದೋ ಮನೆ, ಯಾರದೋ ಹೊಲ, ಯಾರದೋ ತಾಯಿಯ ಸಮಾಧಿ, ಯಾರದೋ ದೇವಾಲಯ ಮುಳುಗಿ ನಮಗೆ ಈ ನೀರು ಬಂತು. ಅಜ್ಜಿ ಮಾತ್ರ, "ಬರಲಿ ಬಿಡಿ, ಅವ್ವನಿಗೂ ತೆಂಗು ಅಂದ್ರೆ ಇಷ್ಟ" ಎಂದು ನಕ್ಕರು.

ಮಾತೆ ಮರಿಯಮ್ಮನವರು ದೂತನಿಗೆ ಒಪ್ಪಿಗೆ ಕೊಟ್ಟಾಗ ಆಚೆಯ ದಡ ಅವರಿಗೆ ಕಾಣುತ್ತಿರಲಿಲ್ಲ. ಕೇಳಿದ್ದು ಒಂದೇ ಒಂದು ಪ್ರಶ್ನೆ. ಉತ್ತರ ಕೇಳಿ, ಒಪ್ಪಿ, ಆಮೇಲೆ ಅವರು ಮೊದಲು ಮಾಡಿದ್ದು ಎದ್ದು ಬೆಟ್ಟದ ನಾಡಿಗೆ, ಎಲಿಜಬೇತಮ್ಮನ ಮನೆಗೆ ಹೋದದ್ದು. ನಮ್ಮಲ್ಲಿ ಕೆಲವರಿಗೆ ಇಂದು ಹೋಗಬೇಕಾದ ಮನೆ ಬೆಟ್ಟದ ಮೇಲಿಲ್ಲ, ಬೇಲಿಯಾಚೆ ಇದೆ. ನಾಳೆ ಸಂಜೆ ನಾವೂ ಜೊತೆಗೆ ಬರುತ್ತೇವೆ, ಯಾರ ಮನೆಗೆ ಎಂದು ಇಬ್ಬರಿಗೂ ಗೊತ್ತು.

ಇನ್ನು ಸ್ವಲ್ಪ ಹೊತ್ತಿಗೆ ಕಾಣಿಕೆಯ ಮೆರವಣಿಗೆ ಬರುತ್ತದೆ. ಎಳನೀರು, ಕೊಬ್ಬರಿ, ರೊಟ್ಟಿ, ದ್ರಾಕ್ಷಾರಸದ ಜೊತೆ ಒಂದು ಚಿಕ್ಕ ಕುಪ್ಪಿಯಲ್ಲಿ ನೀರೂ ಬರುತ್ತದೆ. ಪಾತ್ರೆಯ ದ್ರಾಕ್ಷಾರಸಕ್ಕೆ ನಾವು ಪ್ರತಿದಿನ ಬೆರೆಸುವ ಆ ಕೆಲವು ಹನಿಗಳನ್ನು ನೀವು ಗಮನಿಸಿರಲಿಕ್ಕಿಲ್ಲ, ಬೆನ್ನ ಹಿಂದಿನ ಸಾಲಿನವರಿಗೆ ಕಾಣುವುದೂ ಇಲ್ಲ. ಇಂದು ಆ ಕುಪ್ಪಿಯನ್ನು ಹಿಡಿದು ತರುವವರು ನಮ್ಮ ಅಜ್ಜಿ. ಬೆಳಿಗ್ಗೆ ದೇವಾಲಯದ ನಲ್ಲಿಯಿಂದ ಅವರೇ ತುಂಬಿಸಿದ್ದಾರೆ.

ಈಗ ವಿಶ್ವಾಸ ಪ್ರಮಾಣಕ್ಕೆ ಎದ್ದು ನಿಲ್ಲೋಣ.